ಆರ್ಮ್ ಬ್ಲಾಸ್ಟರ್ ಕಟ್ಟಿಕೊಂಡು ಬೈಸೆಪ್ಸ್ ಕರ್ಲ್ ಮಾಡುವ ಸರಿಯಾದ ಕ್ರಮ

ಹಾಸನದ ವ್ಯಾಯಾಮಶಾಲೆಯೊಂದರಲ್ಲಿ ತರಬೇತಿ ಕೊಡುವ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಕಾಲೇಜಿನ ಹುಡುಗರು, ಬೇಲೂರು ಮತ್ತು ಸಕಲೇಶಪುರದ ಕಡೆಯಿಂದ ವಾರಕ್ಕೆ ಎರಡು ದಿನ ಬಿಡುವು ಮಾಡಿಕೊಂಡು ಬರುವ ತೋಟದವರು, ಮನೆಯಲ್ಲಿಯೇ ಒಂದು ಜೊತೆ ಡಂಬೆಲ್ ಇಟ್ಟುಕೊಂಡಿರುವ ಹೆಣ್ಣುಮಕ್ಕಳು, ಎಲ್ಲರೂ ಕೇಳುವುದು ಇದನ್ನೇ: “ಕೊರಳಿಗೆ ಹಾಕಿಕೊಳ್ಳುವ ಆ ಪಟ್ಟಿ ಕಟ್ಟಿಕೊಂಡರೆ ರಟ್ಟೆ ಬೇಗ ಬರುತ್ತದೆಯೇ? ಅದನ್ನು ಕಟ್ಟಿಕೊಳ್ಳುವುದು ಹೇಗೆ?” ಒಬ್ಬೊಬ್ಬರಿಗೂ ನಿಂತು ವಿವರಿಸುವುದಕ್ಕೆ ಸಮಯ ಸಾಲದೆ ಇರುವುದರಿಂದ ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಆ ಪಟ್ಟಿಯ ಹೆಸರು ಆರ್ಮ್ ಬ್ಲಾಸ್ಟರ್. ಕೊರಳಿನಿಂದ ಇಳಿಬಿದ್ದು ಹೊಟ್ಟೆಗೆ ತಾಗಿ ನಿಲ್ಲುವ, ಮೊಣಕೈ ಒರಗಿಸುವ ಬಾಗಿದ ತಗಡು ಅದು. ಅದು ತಾನಾಗಿ ರಟ್ಟೆಯನ್ನು ಬೆಳೆಸುವುದಿಲ್ಲ. ಭಾರ ಎತ್ತುವಾಗ ಮೊಣಕೈ ಹಿಂದೆ ಮುಂದೆ ಓಡಾಡದಂತೆ ತಡೆಯುವುದಷ್ಟೇ ಅದರ ಕೆಲಸ. ಆದರೆ ಈ ಒಂದು ಕೆಲಸ ಸರಿಯಾಗಿ ನಡೆದರೆ, ಅಲ್ಲಿಯವರೆಗೆ ಸೊಂಟ, ಬೆನ್ನು ಮತ್ತು ಭುಜ ನಿಮಗೆ ಗೊತ್ತಿಲ್ಲದಂತೆ ಮಾಡುತ್ತಿದ್ದ ಸಹಾಯ ನಿಂತುಹೋಗಿ, ಹೊರೆಯೆಲ್ಲ ರಟ್ಟೆಯ ಮೇಲೆ ಬೀಳುತ್ತದೆ. ಆದ್ದರಿಂದ ಪಟ್ಟಿ ಕಟ್ಟಿದ ಮೊದಲ ದಿನ ನೀವು ಎತ್ತುವ ಭಾರ ಕಡಿಮೆಯಾಗಲೇಬೇಕು. ಕಡಿಮೆಯಾಗದಿದ್ದರೆ ಪಟ್ಟಿಯನ್ನು ತಪ್ಪಾಗಿ ಕಟ್ಟಿದ್ದೀರಿ, ಇಲ್ಲವೇ ಅದನ್ನು ಕಟ್ಟಿಕೊಂಡೂ ಮೈಯನ್ನು ಜೋಲಿ ಹೊಡೆಸುತ್ತಿದ್ದೀರಿ ಎಂದು ತಿಳಿಯಬೇಕು.

ರಟ್ಟೆಯ ಒಳಗೆ ನಡೆಯುವುದೇನು

ಬೈಸೆಪ್ಸ್ ಎಂದರೆ ರಟ್ಟೆಯ ಮುಂಭಾಗದಲ್ಲಿ, ಕೈ ಮಡಚಿದಾಗ ಉಬ್ಬಿ ಕಾಣುವ ಸ್ನಾಯು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಎರಡು ತಲೆಯುಳ್ಳದ್ದು ಎಂಬ ಅರ್ಥವಿದೆ. ಮೇಲ್ತುದಿಯಲ್ಲಿ ಅದಕ್ಕೆ ಎರಡು ಕವಲುಗಳಿದ್ದು, ಎರಡೂ ಹೆಗಲೆಲುಬಿನ ಬೇರೆ ಬೇರೆ ಜಾಗಗಳಿಗೆ ಅಂಟಿಕೊಂಡಿವೆ. ಕೆಳತುದಿ ಮೊಣಕೈಯನ್ನು ದಾಟಿ, ಮುಂಗೈಯ ಎರಡು ಮೂಳೆಗಳ ಪೈಕಿ ಹೆಬ್ಬೆರಳಿನ ಕಡೆಗಿರುವ ಮೂಳೆಯನ್ನು ಹಿಡಿದಿದೆ. ಹೀಗೆ ಹೆಗಲನ್ನೂ ಮೊಣಕೈಯನ್ನೂ ದಾಟಿ ನಿಂತಿರುವುದರಿಂದ ಈ ಸ್ನಾಯುವಿಗೆ ಮೂರು ಕೆಲಸಗಳಿವೆ: ಮೊಣಕೈಯನ್ನು ಮಡಚುವುದು, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು, ಮತ್ತು ತೋಳನ್ನು ಮುಂದಕ್ಕೆ ಎತ್ತುವಾಗ ಸ್ವಲ್ಪ ಕೈಜೋಡಿಸುವುದು. ಬೈಸೆಪ್ಸ್‌ನ ಅಡಿಯಲ್ಲಿ ಬ್ರೇಕಿಯಾಲಿಸ್ ಎಂಬ ಇನ್ನೊಂದು ಗಟ್ಟಿ ಸ್ನಾಯುವಿದೆ. ಅದು ಮೊಣಕೈ ಮಡಚುವ ಕೆಲಸವನ್ನು ಮಾತ್ರ ಮಾಡುತ್ತದೆ.

ಕರ್ಲ್ ಎಂದರೆ ಕೈಯಲ್ಲಿ ಭಾರ ಹಿಡಿದು ಮೊಣಕೈಯನ್ನು ಮಡಚಿ ಬಿಡಿಸುವ ವ್ಯಾಯಾಮ. ನೋಡುವುದಕ್ಕೆ ಇದರಷ್ಟು ಸರಳವಾದದ್ದು ಬೇರೆಯಿಲ್ಲ. ಆದರೂ ನಾನು ಕಂಡಂತೆ ಅತಿ ಹೆಚ್ಚು ಜನ ತಪ್ಪು ಮಾಡುವುದು ಇದರಲ್ಲಿಯೇ. ಕಾರಣ ಅರ್ಥವಾಗಬೇಕಾದರೆ ಮನೆಯ ಬಾಗಿಲನ್ನು ನೆನೆಯಿರಿ. ಚಿಲಕದ ಕಡೆ ಒಂದು ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ತಳ್ಳಿದರೆ ಇಡೀ ಮೈಭಾರ ಹಾಕಬೇಕಾಗುತ್ತದೆ. ನಮ್ಮ ಮುಂಗೈಯ ಸ್ಥಿತಿ ಅದೇ ಆಗಿದೆ. ಭಾರವಿರುವುದು ಮೊಣಕೈಯಿಂದ ಸುಮಾರು 30 ಸೆಂಟಿಮೀಟರ್ ದೂರದ ಅಂಗೈಯಲ್ಲಿ. ಬೈಸೆಪ್ಸ್ ಎಳೆಯುವುದು ಮೊಣಕೈಯ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಿಂದ. ಮುಂಗೈ ನೆಲಕ್ಕೆ ಸಮಾನಾಂತರವಾಗಿರುವಾಗ ಅಂಗೈಯಲ್ಲಿ 10 ಕೆಜಿ ಇದ್ದರೆ, ಅದನ್ನು ಹಿಡಿದಿಡಲು ರಟ್ಟೆಯ ಸ್ನಾಯುಗಳು ಹೆಚ್ಚುಕಡಿಮೆ 75 ಕೆಜಿ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಇಷ್ಟು ಕಷ್ಟದ ಕೆಲಸವನ್ನು ಶರೀರ ತಾನಾಗಿ ಒಪ್ಪಿಕೊಳ್ಳುವುದಿಲ್ಲ. ಸೊಂಟವನ್ನು ಹಿಂದಕ್ಕೆ ಬಾಗಿಸಿ, ಮೊಣಕೈಯನ್ನು ಮುಂದಕ್ಕೆ ಜಾರಿಸಿ, ಭುಜವನ್ನು ಕುಣಿಸಿ, ಆ ಕಷ್ಟದ ಘಟ್ಟವನ್ನು ರಭಸದಿಂದ ದಾಟಿಬಿಡುತ್ತದೆ. ಜಿಮ್‌ನಲ್ಲಿ ಇದನ್ನೇ ಚೀಟಿಂಗ್ ಎನ್ನುತ್ತಾರೆ.

ಈ ಓಡಾಟವನ್ನು ಕಟ್ಟಿಹಾಕಲು ಎರಡು ಬಗೆಯ ಆಸರೆಗಳು ಬಳಕೆಯಲ್ಲಿವೆ. ಒಂದು ಪ್ರೀಚರ್ ಬೆಂಚ್, ಅಂದರೆ ಕುಳಿತುಕೊಂಡು ರಟ್ಟೆಯ ಹಿಂಭಾಗವನ್ನು ಇಳಿಜಾರಾದ ಮೆತ್ತೆಯ ಮೇಲೆ ಒರಗಿಸುವ ಬೆಂಚು. 1965 ಮತ್ತು 1966ರಲ್ಲಿ ಮೊದಲ ಎರಡು ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಪ್ರಶಸ್ತಿಗಳನ್ನು ಗೆದ್ದ ಅಮೆರಿಕದ ಲ್ಯಾರಿ ಸ್ಕಾಟ್ ಇದನ್ನು ಬಹಳವಾಗಿ ಬಳಸಿದ್ದರಿಂದ ಇದಕ್ಕೆ ಸ್ಕಾಟ್ ಬೆಂಚ್ ಎಂಬ ಹೆಸರೂ ಇದೆ. ಇನ್ನೊಂದು ನಮ್ಮ ಆರ್ಮ್ ಬ್ಲಾಸ್ಟರ್. 1970ರ ದಶಕದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅದನ್ನು ಕಟ್ಟಿಕೊಂಡು ವ್ಯಾಯಾಮ ಮಾಡುತ್ತಿದ್ದ ಚಿತ್ರಗಳಿಂದ ಅದು ಜನಪ್ರಿಯವಾಯಿತು. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪಟ್ಟಿ ಕಟ್ಟಿಕೊಂಡು ನಿಂತಾಗ ತೋಳು ನೇರವಾಗಿ ಕೆಳಗೆ ಇಳಿದಿರುತ್ತದೆ, ಆದ್ದರಿಂದ ಅತ್ಯಂತ ಕಷ್ಟದ ಘಟ್ಟ ಬರುವುದು ಮೊಣಕೈ ಅರ್ಧ ಮಡಚಿದಾಗ. ಪ್ರೀಚರ್ ಬೆಂಚಿನಲ್ಲಿ ತೋಳು ಮುಂದಕ್ಕೆ ಚಾಚಿರುವುದರಿಂದ ಆ ಘಟ್ಟ ಬೇಗ, ಅಂದರೆ ಕೈ ಇನ್ನೂ ಬಹುಪಾಲು ನೀಡಿಕೊಂಡಿರುವಾಗಲೇ ಎದುರಾಗುತ್ತದೆ. ಮೊಣಕೈಯ ಹತ್ತಿರ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಹಗ್ಗದಂಥ ಭಾಗಕ್ಕೆ, ಅಂದರೆ ಸ್ನಾಯುರಜ್ಜುವಿಗೆ, ಅಲ್ಲಿ ಹೆಚ್ಚಿನ ಎಳೆತ ಬೀಳುತ್ತದೆ. ಹೊಸಬರಿಗೆ ನಾನು ಮೊದಲು ಪಟ್ಟಿಯನ್ನೇ ಕೊಡುವುದು ಈ ಕಾರಣಕ್ಕೆ.

ಕೊಳ್ಳುವ ಮುನ್ನ ನೋಡಬೇಕಾದದ್ದು

ಆರ್ಮ್ ಬ್ಲಾಸ್ಟರ್ ಎಂದರೆ ಸುಮಾರು ಎರಡು ಅಡಿ ಉದ್ದ, ಒಂದು ಗೇಣಿಗಿಂತ ಕಡಿಮೆ ಅಗಲದ, ಹೊಟ್ಟೆಯ ಸುತ್ತು ಬರುವಂತೆ ಬಾಗಿಸಿದ ಅಲ್ಯೂಮಿನಿಯಂ ತಗಡು. ಎರಡು ತುದಿಗಳಲ್ಲಿ ಮೊಣಕೈ ಒರಗಿಸಲು ಸ್ಪಂಜಿನ ಮೆತ್ತೆ, ಮೇಲೆ ಕೊರಳಿಗೆ ಹಾಕಿಕೊಳ್ಳುವ ನೇಯ್ದ ಪಟ್ಟಿ, ಉದ್ದ ಹೊಂದಿಸಲು ಬಕಲ್ ಇರುತ್ತವೆ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಎರಡು ತುದಿಗಳನ್ನು ಹಿಡಿದು ಒಳಕ್ಕೆ ಅದುಮಿ ನೋಡಿ. ಸುಲಭವಾಗಿ ಬಾಗಿದರೆ ಅದನ್ನು ಬಿಟ್ಟುಬಿಡಿ, ಏಕೆಂದರೆ ಮೊಣಕೈಗೆ ಗೋಡೆಯಂತೆ ನಿಲ್ಲಬೇಕಾದದ್ದೇ ಅಲುಗಾಡಿದರೆ ಅದರಿಂದ ಏನೂ ಪ್ರಯೋಜನವಿಲ್ಲ. ತಗಡಿನ ಅಂಚು ಉರುಟಾಗಿರಬೇಕು, ಕೊರಳಪಟ್ಟಿಯ ಹೊಲಿಗೆ ಇಮ್ಮಡಿಯಾಗಿರಬೇಕು, ಬಕಲ್ ಜಾರಬಾರದು. ತೆಳುವಾದ ಮೈಕಟ್ಟಿನವರು ಅಗಲವನ್ನೂ ಗಮನಿಸಬೇಕು: ಮೊಣಕೈಗಳು ಪಕ್ಕೆಗಳಿಂದ ಬಹಳ ದೂರ ಹೊರಗೆ ಹೋಗುವಂತಿದ್ದರೆ ಆ ಅಳತೆ ನಿಮಗಲ್ಲ.

ಭಾರಕ್ಕೆ ನೇರ ರಾಡ್, ಅಂಕುಡೊಂಕಾಗಿ ಬಾಗಿಸಿದ ಈಜೀ ರಾಡ್, ಅಥವಾ ಒಂದು ಜೊತೆ ಡಂಬೆಲ್, ಮೂರರಲ್ಲಿ ಯಾವುದನ್ನಾದರೂ ಬಳಸಬಹುದು. ನನ್ನ ಸಲಹೆ ಈಜೀ ರಾಡ್. ಅಂಗೈ ಮುಂದಕ್ಕೆ ತಿರುಗಿಸಿ ಕೈಗಳನ್ನು ಇಳಿಬಿಟ್ಟು ಕನ್ನಡಿಯಲ್ಲಿ ನೋಡಿಕೊಂಡರೆ ಮುಂಗೈ ನೇರವಾಗಿರದೆ ಸ್ವಲ್ಪ ಹೊರಕ್ಕೆ ವಾಲಿರುವುದು ಕಾಣುತ್ತದೆ. ಈ ವಾಲಿಕೆ ಹೆಂಗಸರಲ್ಲಿ ಸರಾಸರಿ ಇನ್ನಷ್ಟು ಹೆಚ್ಚು. ನೇರ ರಾಡ್ ಈ ಸಹಜ ವಾಲಿಕೆಗೆ ಅವಕಾಶ ಕೊಡದೆ ಮಣಿಕಟ್ಟನ್ನು ತಿರುಚುತ್ತದೆ; ಬಾಗಿದ ರಾಡ್ ಅದಕ್ಕೆ ಎಡೆಗೊಡುತ್ತದೆ.

ರಾಡ್‌ನ ತೂಕವನ್ನು ಊಹಿಸಬೇಡಿ. ಸ್ಪರ್ಧೆಗಳಲ್ಲಿ ಬಳಸುವ ಗಂಡಸರ ಉದ್ದನೆಯ ರಾಡ್ 20 ಕೆಜಿ ತೂಗುತ್ತದೆ, ಆದರೆ ನಮ್ಮ ಊರುಗಳ ಜಿಮ್‌ಗಳಲ್ಲಿರುವ ಗಿಡ್ಡ ರಾಡ್‌ಗಳು ಒಂದೊಂದು ಒಂದೊಂದು ತೂಕದವು. ತೂಕದ ಯಂತ್ರದ ಮೇಲೆ ನಿಂತು ಒಮ್ಮೆ ರಾಡ್ ಹಿಡಿದು, ಒಮ್ಮೆ ಹಿಡಿಯದೆ ನೋಡಿದರೆ ಲೆಕ್ಕ ಸಿಕ್ಕಿಬಿಡುತ್ತದೆ.

ಹಂತ 1: ಮೈ ಕಾಯಿಸುವುದು

ಡಿಸೆಂಬರ್, ಜನವರಿಯ ಮುಂಜಾನೆ ಐದೂವರೆಗೆ ಹಾಸನದಲ್ಲಿ ಕಬ್ಬಿಣದ ರಾಡ್ ಮುಟ್ಟಿದವರಿಗೆ ಅದು ಎಷ್ಟು ತಣ್ಣಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಈ ಊರನ್ನು ಬಡವರ ಊಟಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗಂತೂ ಮಳೆಗಾಲದ ನಾಲ್ಕು ತಿಂಗಳೂ ಇದೇ ಸ್ಥಿತಿ. ಹಾಗಾಗಿ ಐದು ನಿಮಿಷ ಚುರುಕಾಗಿ ನಡೆಯಿರಿ ಅಥವಾ ಹಗ್ಗ ಜಿಗಿಯಿರಿ. ಬಳಿಕ ಭುಜಗಳನ್ನು ಮುಂದಕ್ಕೂ ಹಿಂದಕ್ಕೂ ಹತ್ತು ಹತ್ತು ಸಲ ತಿರುಗಿಸಿ, ಮಣಿಕಟ್ಟನ್ನು ಸುತ್ತಿಸಿ, ಪಟ್ಟಿ ಕಟ್ಟದೆ ಬರಿಯ ರಾಡ್‌ನಿಂದ 15 ಸಲ ನಿಧಾನವಾಗಿ ಕರ್ಲ್ ಮಾಡಿ. ಚಳಿ ಹೆಚ್ಚಿದ್ದರೆ ಇದನ್ನೇ ಇನ್ನೊಮ್ಮೆ ಮಾಡಿ.

ಹಂತ 2: ಪಟ್ಟಿಯ ಎತ್ತರ ಹೊಂದಿಸುವುದು

ಇಡೀ ವ್ಯಾಯಾಮದ ಒಳಿತು ಕೆಡುಕು ನಿರ್ಧಾರವಾಗುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ದಯವಿಟ್ಟು ಇದಕ್ಕೆ ಎರಡು ನಿಮಿಷ ಕೊಡಿ. ಕೊರಳಪಟ್ಟಿಯನ್ನು ಹಾಕಿಕೊಂಡು ನೆಟ್ಟಗೆ ನಿಲ್ಲಿ. ಪಟ್ಟಿ ಕತ್ತಿನ ಮೂಳೆಯ ಮೇಲೆ ಕುಳಿತುಕೊಳ್ಳದೆ, ಕತ್ತು ಹೆಗಲಿಗೆ ಸೇರುವ ದಪ್ಪ ಸ್ನಾಯುವಿನ ಮೇಲೆ ಹರಡಿಕೊಂಡಿರಬೇಕು. ತಗಡು ಕೆಳಗಿನ ಪಕ್ಕೆಲುಬುಗಳ ಮಟ್ಟದಲ್ಲಿ ಹೊಟ್ಟೆಗೆ ತಾಗಿರಲಿ. ಈಗ ಕೈಗಳನ್ನು ಇಳಿಬಿಟ್ಟು, ಮೊಣಕೈಯಿಂದ ಎರಡು ಬೆರಳಿನಷ್ಟು ಮೇಲಿರುವ ರಟ್ಟೆಯ ಹಿಂಭಾಗವನ್ನು ಮೆತ್ತೆಗೆ ಒರಗಿಸಿ. ಮೊಣಕೈಯ ಚೂಪು ಮೂಳೆ ಮೆತ್ತೆಯ ಮೇಲೆ ಊರಬಾರದು. ಊರಿದರೆ ಮೂರನೆಯ ಸುತ್ತಿಗೆಲ್ಲ ಆ ಜಾಗ ಕೆಂಪಾಗಿ ಉರಿಯತೊಡಗುತ್ತದೆ.

ನಂತರ ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಭುಜಗಳು ಕಿವಿಯ ಕಡೆಗೆ ಎದ್ದಿದ್ದರೆ ಪಟ್ಟಿ ಗಿಡ್ಡವಾಗಿದೆ, ಬಕಲ್ ಸಡಿಲಿಸಿ ಕೆಳಗಿಳಿಸಬೇಕು. ಮೆತ್ತೆ ಮುಂಗೈಗೆ ತಾಗುತ್ತಿದ್ದರೆ ಅಥವಾ ಮೆತ್ತೆಯನ್ನು ಹುಡುಕಿಕೊಂಡು ನೀವೇ ಮುಂದಕ್ಕೆ ಬಾಗುತ್ತಿದ್ದರೆ ಪಟ್ಟಿ ಉದ್ದವಾಗಿದೆ, ಬಿಗಿ ಮಾಡಬೇಕು. ಸರಿಯಾದ ಎತ್ತರದಲ್ಲಿ ತೋಳು ಬಹುತೇಕ ನೇರವಾಗಿ ಇಳಿದಿದ್ದು, ಮೊಣಕೈ ಪಕ್ಕೆಯ ಗೆರೆಗಿಂತ ಸ್ವಲ್ಪ ಮಾತ್ರ ಮುಂದಿರುತ್ತದೆ. ಒಮ್ಮೆ ಹೊಂದಿದ ಮೇಲೆ ಬಕಲ್ ನಿಂತ ಜಾಗಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ನಾಲ್ಕಾರು ಜನ ಬಳಸುವ ಜಿಮ್‌ನ ಪಟ್ಟಿಯಾದರೆ ನಿಮ್ಮ ಗೆರೆ ಯಾವುದೆಂದು ನೆನಪಿರಲಿ. ಬೇರೆಯವರು ಬಿಟ್ಟುಹೋದ ಅಳತೆಯಲ್ಲಿಯೇ ಶುರುಮಾಡುವುದು ನಾನು ದಿನವೂ ಕಾಣುವ ತಪ್ಪು.

ಹಂತ 3: ಭಾರವನ್ನು ಕೈಗೆ ತೆಗೆದುಕೊಳ್ಳುವುದು

ಪಟ್ಟಿ ಕಟ್ಟಿಕೊಂಡು ನೆಲದಿಂದ ರಾಡ್ ಎತ್ತಬೇಡಿ. ಬಾಗಿದ ಕೂಡಲೇ ತಗಡು ಹೊಟ್ಟೆಗೆ ಒತ್ತುತ್ತದೆ, ಅದನ್ನು ತಪ್ಪಿಸಿಕೊಳ್ಳಲು ಬೆನ್ನು ಗೂನಾಗುತ್ತದೆ, ಗೂನು ಬೆನ್ನಿನಲ್ಲಿ ಭಾರ ಎತ್ತಿದರೆ ಸೊಂಟ ಹಿಡಿದುಕೊಳ್ಳುವುದು ಖಚಿತವೆಂದೇ ಇಟ್ಟುಕೊಳ್ಳಿ. ರಾಡನ್ನು ಸೊಂಟದ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟಿರಿ, ಇಲ್ಲದಿದ್ದರೆ ಜೊತೆಗಾರರಿಗೆ ಎತ್ತಿಕೊಡಲು ಹೇಳಿ. ಒಬ್ಬರೇ ಇದ್ದೀರಿ, ಸ್ಟ್ಯಾಂಡೂ ಇಲ್ಲ ಎಂದಾದರೆ ರಾಡ್ ಅಥವಾ ಡಂಬೆಲ್‌ಗಳನ್ನು ಬೆಂಚಿನ ಮೇಲಿಟ್ಟು, ಮಂಡಿ ಮಡಚಿ, ಬೆನ್ನು ನೇರವಾಗಿಟ್ಟುಕೊಂಡು ತೆಗೆದುಕೊಳ್ಳಿ.

ಎಷ್ಟು ಭಾರ? ಪಟ್ಟಿಯಿಲ್ಲದೆ ಹತ್ತು ಸಲ ಎತ್ತುತ್ತಿದ್ದ ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. 20 ಕೆಜಿ ಎತ್ತುತ್ತಿದ್ದವರು 12 ಕೆಜಿಯಿಂದ ಆರಂಭಿಸಲಿ. ಇದೇ ಮೊದಲ ಸಲ ಕರ್ಲ್ ಮಾಡುವವರಿಗೆ ಬರಿಯ ರಾಡ್ ಸಾಕು. ಪ್ಲೇಟ್ ಹಾಕಿದರೆ ಎರಡೂ ಕಡೆ ಕ್ಲಿಪ್ ಬಿಗಿಯುವುದನ್ನು ಮರೆಯಬೇಡಿ.

ಹಂತ 4: ನಿಲುವು ಮತ್ತು ಹಿಡಿತ

ಪಾದಗಳು ಸೊಂಟದ ಅಗಲಕ್ಕೆ, ಮಂಡಿಗಳು ತುಸು ಸಡಿಲ, ಕಿಬ್ಬೊಟ್ಟೆ ಮತ್ತು ಪೃಷ್ಠದ ಸ್ನಾಯುಗಳು ಬಿಗಿ. ಎದೆ ಎತ್ತಿ, ಹೆಗಲೆಲುಬುಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದುಕೊಳ್ಳಿ. ಅಂಗೈ ಮೇಲ್ಮುಖವಾಗಿರಲಿ, ಕೈಗಳ ನಡುವೆ ಭುಜದಷ್ಟು ಅಂತರವಿರಲಿ. ಹೆಬ್ಬೆರಳು ರಾಡನ್ನು ಸುತ್ತಿ ಹಿಡಿಯಲೇಬೇಕು.

ಮಣಿಕಟ್ಟಿನ ಬಗ್ಗೆ ಒಂದು ಮಾತು. ರಾಡನ್ನು ಬೆರಳುಗಳ ತುದಿಯಲ್ಲಿ ಹಿಡಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಸಂಜೆಗೆ ನೋವು ಬರುತ್ತದೆ. ಇದಕ್ಕೆ ಹೆದರಿ ಕೆಲವರು ಮಣಿಕಟ್ಟನ್ನು ತಮ್ಮ ಕಡೆಗೆ ಮಡಚಿಕೊಂಡು ಎತ್ತುತ್ತಾರೆ. ಆಗ ರಟ್ಟೆಗಿಂತ ಮೊದಲು ಮುಂಗೈ ಸೋಲುತ್ತದೆ. ರಾಡ್ ಅಂಗೈಯ ಬುಡದ ಹತ್ತಿರ ಕುಳಿತು, ಮುಂಗೈಯಿಂದ ಬೆರಳಿನ ಗೆಣ್ಣಿನವರೆಗೆ ಒಂದೇ ಗೆರೆಯಿರಬೇಕು.

ಹಂತ 5: ಎತ್ತುವುದು

ಮೊಣಕೈಗಳನ್ನು ಮೆತ್ತೆಗೆ ಮೃದುವಾಗಿ ಹಿಂದಕ್ಕೆ ಒತ್ತಿ ಹಿಡಿದು, ಉಸಿರು ಬಿಡುತ್ತಾ, ಎರಡು ಎಣಿಸುವಷ್ಟು ಹೊತ್ತಿನಲ್ಲಿ ಮುಂಗೈಯನ್ನು ಮೇಲಕ್ಕೆ ತನ್ನಿ. ಇದನ್ನು ಎತ್ತುವ ಕೆಲಸ ಎಂದುಕೊಳ್ಳಬೇಡಿ, ಮಡಚುವ ಕೆಲಸ ಎಂದುಕೊಳ್ಳಿ. ರಾಡ್ ಹೋಗುವ ದಾರಿ ಮೊಣಕೈಯನ್ನು ಕೇಂದ್ರವಾಗಿಟ್ಟುಕೊಂಡ ವೃತ್ತದ ಒಂದು ತುಂಡಿನಂತಿರಬೇಕು. ಮುಂಗೈ ನೆಲಕ್ಕೆ ಸಮಾನಾಂತರವಾಗುವ ಜಾಗದಲ್ಲಿ ಕೈ ನಡುಗಬಹುದು. ಮೇಲೆ ಹೇಳಿದ 75 ಕೆಜಿಯ ಘಟ್ಟ ಅದೇ. ಅಲ್ಲಿ ಸೊಂಟ ಸಹಾಯಕ್ಕೆ ಬರುತ್ತೇನೆಂದು ಹವಣಿಸುತ್ತದೆ. ಬಿಡಬೇಡಿ.

ಮುಂಗೈ ಪೂರ್ತಿ ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ. ಅದಕ್ಕೂ ಮೇಲೆ ಹೋದರೆ ಭಾರ ಮೂಳೆಯ ಕಂಬದ ಮೇಲೆ ನಿಂತು ಸ್ನಾಯುವಿಗೆ ಬಿಡುವು ಸಿಗುತ್ತದೆ. ಗಲ್ಲದವರೆಗೆ ತರಲೇಬೇಕೆಂಬ ಹಟದಲ್ಲಿ ಮೊಣಕೈ ಮೆತ್ತೆ ಬಿಟ್ಟು ಮುಂದಕ್ಕೆ ಏಳುತ್ತದೆ, ಭುಜದ ಮುಂಭಾಗದ ಸ್ನಾಯು ಕೆಲಸವನ್ನು ಕಸಿದುಕೊಳ್ಳುತ್ತದೆ. ಮೇಲ್ತುದಿಯಲ್ಲಿ ಒಂದು ಕ್ಷಣ ರಟ್ಟೆಯನ್ನು ಬಿಗಿಹಿಡಿದು ಇಳಿಸಲು ತೊಡಗಿ.

ಹಂತ 6: ಇಳಿಸುವುದು

ಎತ್ತುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ, ಇಳಿಸುವಾಗ ಬಿಟ್ಟುಬಿಡುತ್ತಾರೆ. ಭಾರವನ್ನು ತಡೆದುಕೊಂಡು ಇಳಿಸುವ ಈ ಭಾಗಕ್ಕೆ ಜಿಮ್‌ನಲ್ಲಿ ನೆಗೆಟಿವ್ ಎನ್ನುತ್ತಾರೆ. ಸ್ನಾಯು ಉದ್ದವಾಗುತ್ತಾ ಹೋಗುತ್ತಿರುವಾಗಲೂ ಭಾರವನ್ನು ಹಿಡಿದಿಟ್ಟಿರುವ ಸ್ಥಿತಿ ಇದು, ಮತ್ತು ರಟ್ಟೆ ಗಟ್ಟಿಯಾಗುವುದರಲ್ಲಿ ಎತ್ತುವಷ್ಟೇ ಪಾಲು ಇದಕ್ಕೂ ಇದೆ. ಬಾವಿಯಿಂದ ನೀರು ಸೇದಿದವರಿಗೆ ಇದು ಹೊಸದಲ್ಲ: ತುಂಬಿದ ಬಿಂದಿಗೆಯನ್ನು ಹಗ್ಗ ಜಾರಿಸದೆ ಮತ್ತೆ ಒಳಕ್ಕೆ ಬಿಡಬೇಕಾಗಿ ಬಂದಾಗ ತೋಳು ಹೇಗೆ ಬಿಗಿದುಕೊಳ್ಳುತ್ತದೆಯೋ ಹಾಗೆಯೇ ಇಲ್ಲಿಯೂ ಬಿಗಿದುಕೊಂಡಿರಬೇಕು. ಉಸಿರು ಎಳೆದುಕೊಳ್ಳುತ್ತಾ, ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಸಿ.

ಕೆಳಗೆ ಕೈ ಬಹುತೇಕ ನೇರವಾಗುವವರೆಗೆ ಹೋಗಿ, ಆದರೆ ಮೊಣಕೈ ಟಕ್ಕೆಂದು ಸೆಟೆದುಕೊಳ್ಳುವಂತೆ ಜಾಡಿಸಬೇಡಿ. ಅರ್ಧಕ್ಕೇ ನಿಲ್ಲಿಸಿ ಮತ್ತೆ ಎತ್ತುವುದೂ ತಪ್ಪೇ. ತಳದಲ್ಲಿ ಅರ್ಧ ಸೆಕೆಂಡ್ ನಿಂತು, ತೂಗಾಟವೆಲ್ಲ ಅಡಗಿದ ಮೇಲೆ ಮುಂದಿನದನ್ನು ಎತ್ತಿ. ಪ್ರೀಚರ್ ಬೆಂಚ್ ಬಳಸುವವರು ಈ ಜಾಗದಲ್ಲಿ ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಕೈ ಪೂರ್ತಿ ಚಾಚಿರುವಾಗ ಅಲ್ಲಿ ಭಾರವನ್ನು ಎಳೆದು ಎಬ್ಬಿಸುವುದು ಮೊಣಕೈಯ ಸ್ನಾಯುರಜ್ಜುವಿಗೆ ಬಹಳ ಅಪಾಯಕಾರಿ.

ಹಂತ 7: ಎಷ್ಟು ಸಲ, ವಾರಕ್ಕೆ ಎಷ್ಟು ದಿನ

ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್. ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. ಎಂಟರಿಂದ ಹನ್ನೆರಡು ರೆಪ್‌ಗಳ ಮೂರು ಸೆಟ್‌ಗಳು ಸಾಕು. ನಡುವೆ ಒಂದರಿಂದ ಒಂದೂವರೆ ನಿಮಿಷ ವಿಶ್ರಾಂತಿ ಇರಲಿ, ಆಗ ಕೊರಳಪಟ್ಟಿಯನ್ನು ತೆಗೆದಿಡಿ. ಇನ್ನೂ ಎರಡು ರೆಪ್ ಶುದ್ಧವಾಗಿ ಮಾಡಬಲ್ಲೆ ಎನ್ನಿಸುವಾಗಲೇ ಸೆಟ್ ಮುಗಿಸಿ. ವಾರಕ್ಕೆ ಎರಡು ದಿನ ಮಾಡಿ; ನಡುವೆ ಕನಿಷ್ಠ 48 ಗಂಟೆ ಅಂತರವಿರಲಿ. ಬೆನ್ನಿನ ವ್ಯಾಯಾಮಗಳಲ್ಲಿ ಎಳೆಯುವಾಗಲೂ ರಟ್ಟೆ ದುಡಿದಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಮೂರೂ ಸೆಟ್‌ಗಳಲ್ಲಿ ಹನ್ನೆರಡು ರೆಪ್, ಸತತ ಎರಡು ದಿನದ ಅಭ್ಯಾಸದಲ್ಲಿ, ಮೊಣಕೈ ಕದಲದೆ ಬಂದರೆ ಮಾತ್ರ ಭಾರ ಹೆಚ್ಚಿಸಿ. ರಾಡ್‌ಗೆ ಎರಡೂ ಕಡೆ 1.25 ಕೆಜಿಯ ಪ್ಲೇಟ್ ಹಾಕಿದರೆ ಒಟ್ಟು ಎರಡೂವರೆ ಕೆಜಿ ಏರುತ್ತದೆ. ಮತ್ತೆ ಎಂಟು ರೆಪ್‌ನಿಂದ ಶುರುಮಾಡಿ. ಡಂಬೆಲ್‌ನಲ್ಲಿ ಮಾತ್ರ ಒಂದು ತೊಡಕಿದೆ. 5 ಕೆಜಿಯಿಂದ 7.5 ಕೆಜಿಗೆ ಹೋಗುವುದೆಂದರೆ ಒಮ್ಮೆಲೇ ಭಾರ ಒಂದೂವರೆ ಪಟ್ಟಾಗುವುದು. ಅದಕ್ಕೆ ಮೊದಲು ಹಳೆಯ ಡಂಬೆಲ್‌ನಲ್ಲಿಯೇ 15 ರೆಪ್‌ವರೆಗೆ ಹೋಗಿ.

ಕಾಫಿ ಕೊಯ್ಲಿನ ದಿನಗಳಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ, ತೋಟದಲ್ಲಿ ದುಡಿಯುವವರಿಗೆ ಬೇರೆ ಲೆಕ್ಕ. ಹಗಲೆಲ್ಲ 50 ಕೆಜಿಯ ಮೂಟೆಗಳನ್ನು ತಬ್ಬಿ ಎತ್ತಿ ಲಾರಿಗೋ ಕಣಕ್ಕೋ ಹಾಕಿದ ರಟ್ಟೆ ಸಂಜೆಗೆ ಅದಾಗಲೇ ದಣಿದಿರುತ್ತದೆ. ಅಂಥವರು ಆ ತಿಂಗಳುಗಳಲ್ಲಿ ವಾರಕ್ಕೆ ಒಂದೇ ದಿನ, ಎರಡೇ ಸೆಟ್ ಮಾಡಿದರೆ ಸಾಕೆಂದು ನಾನು ಒತ್ತಿ ಹೇಳುತ್ತೇನೆ. ಮೂಟೆ ಎತ್ತಿದ್ದೂ ವ್ಯಾಯಾಮವೇ.

ಪಟ್ಟಿ ಕಟ್ಟಿಯೂ ಉಳಿಯುವ ತಪ್ಪುಗಳು

ಮೊಣಕೈಯನ್ನು ತಡೆದ ಮಾತ್ರಕ್ಕೆ ಮೈಯ ಹಳೆಯ ಅಭ್ಯಾಸ ಹೋಗುವುದಿಲ್ಲ, ಅದು ಬೇರೆ ದಾರಿ ಹುಡುಕುತ್ತದೆ. ಅತ್ಯಂತ ಸಾಮಾನ್ಯವಾದದ್ದು ಸೊಂಟದಿಂದ ಹಿಂದಕ್ಕೆ ವಾಲುವುದು. ಮೊಣಕೈ ಮೆತ್ತೆಯ ಮೇಲೆ ಭದ್ರವಾಗಿಯೇ ಇರುತ್ತದೆ, ಆದರೆ ತಗಡಿನ ಸಮೇತ ಇಡೀ ಮೈ ಉಯ್ಯಾಲೆಯಾಗುತ್ತದೆ. ನನ್ನ ಹತ್ತಿರ ಬಂದ ವಿದ್ಯಾರ್ಥಿಯೊಬ್ಬ 30 ಕೆಜಿಯ ರಾಡನ್ನು ಹೀಗೆಯೇ ಎತ್ತುತ್ತಿದ್ದ. ಬೆನ್ನನ್ನು ಗೋಡೆಗೆ ಒರಗಿಸಿ, ಅದೇ ಪಟ್ಟಿ ಕಟ್ಟಿ ನಿಲ್ಲಿಸಿದಾಗ ಅವನಿಗೆ 15 ಕೆಜಿಯಲ್ಲಿ ಒಂಬತ್ತನೆಯ ರೆಪ್ ಮೇಲೇರಲಿಲ್ಲ. ರಟ್ಟೆಯ ನಡುಮಧ್ಯ ಸ್ನಾಯು ಸಣ್ಣಗೆ ಅದುರುತ್ತಿದ್ದುದು ಚರ್ಮದ ಮೇಲಿಂದಲೇ ಕಾಣುತ್ತಿತ್ತು. ನಾನೂ ಕಲಿಯುವ ಕಾಲದಲ್ಲಿ ಹೀಗೆ ಜೋಲಿ ಹೊಡೆದು ಎತ್ತಿ ಸೊಂಟ ಹಿಡಿಸಿಕೊಂಡು ಮೂರು ವಾರ ಬಗ್ಗಲಾರದೆ ಇದ್ದವನು, ಆದ್ದರಿಂದ ಈ ಒಂದು ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು ಕತ್ತನ್ನು ಮುಂದಕ್ಕೆ ಚಾಚುವುದು. ರಾಡ್ ಮೇಲೇಳುವಾಗ ಗಲ್ಲವೂ ಅದನ್ನು ಭೇಟಿಯಾಗಲು ಮುಂದೆ ಬಂದರೆ ಕೊರಳಪಟ್ಟಿಯ ಎಳೆತವೆಲ್ಲ ಕತ್ತಿನ ಹಿಂಭಾಗಕ್ಕೆ ಬೀಳುತ್ತದೆ. ದೃಷ್ಟಿಯನ್ನು ಕಣ್ಣಿನ ಮಟ್ಟದ ಒಂದು ಜಾಗದಲ್ಲಿ ನೆಟ್ಟರೆ ಇದು ತಾನಾಗಿ ನಿಲ್ಲುತ್ತದೆ. ಇನ್ನೊಂದು, ಮೊಣಕೈಯಿಂದ ಮೆತ್ತೆಯನ್ನು ಬಲವಾಗಿ ಅದುಮಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕುವುದು. ಅದು ಒರಗುವ ಕಟ್ಟೆಯಲ್ಲ; ಮೊಣಕೈ ಎಲ್ಲಿದೆ ಎಂದು ನೆನಪಿಸುವಷ್ಟು ತಾಗಿದ್ದರೆ ಸಾಕು. ಉಸಿರು ಬಿಗಿಹಿಡಿಯುವುದನ್ನೂ ಬಿಡಬೇಕು, ರಕ್ತದೊತ್ತಡ ಇರುವವರಂತೂ ಮರೆಯಲೇಬಾರದು, ಏಕೆಂದರೆ ಉಸಿರು ಕಟ್ಟಿ ತಿಣುಕಿದಾಗ ಒತ್ತಡ ಥಟ್ಟನೆ ಏರುತ್ತದೆ.

ಯಾರು ಕಟ್ಟಿಕೊಳ್ಳಬಾರದು, ಯಾವಾಗ ನಿಲ್ಲಿಸಬೇಕು

ಕತ್ತಿನ ಮೂಳೆಯ ಸವೆತವಿರುವವರು, ಕತ್ತಿನಿಂದ ಕೈಗೆ ಜೋಮು ಇಳಿಯುವವರು ಈ ಪಟ್ಟಿಯನ್ನು ಬಳಸದಿರುವುದು ಒಳ್ಳೆಯದು. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಹೊಟ್ಟೆಗೆ ಒತ್ತುವ ಯಾವ ತಗಡನ್ನೂ ಕಟ್ಟಿಕೊಳ್ಳಬಾರದು. ಇವರಿಗೆಲ್ಲ ಗೋಡೆಯ ವಿಧಾನವೇ ಸಾಕು. ಹಿಮ್ಮಡಿಗಳನ್ನು ಗೋಡೆಯಿಂದ ಒಂದು ಅಡಿ ಮುಂದಿಟ್ಟು, ಪೃಷ್ಠ, ಹೆಗಲೆಲುಬು, ತಲೆ ಮತ್ತು ರಟ್ಟೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಂತು, ಡಂಬೆಲ್‌ನಿಂದ ಕರ್ಲ್ ಮಾಡಬೇಕು. ಡಂಬೆಲ್ ಇಲ್ಲದವರು ಹಿಡಿಯಿರುವ ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿಕೊಂಡರೆ 5 ಕೆಜಿ ಆಗುತ್ತದೆ. ವೈದ್ಯರು ಭಾರ ಎತ್ತಬಾರದೆಂದು ಹೇಳಿದ್ದರೆ ಇದೂ ಬೇಡ.

ವ್ಯಾಯಾಮ ಮಾಡಿದ ಮರುದಿನದಿಂದ ಎರಡು ಮೂರು ದಿನ ರಟ್ಟೆ ನೋಯುವುದು ಸಹಜ. ಆದರೆ ಮೊಣಕೈಯ ಮಡಿಕೆಯಲ್ಲಾಗಲಿ ಭುಜದ ಮುಂಭಾಗದಲ್ಲಾಗಲಿ ಪಟ್ ಎಂದು ಏನೋ ಕಿತ್ತುಬಂದ ಸದ್ದಾಗಿ, ಚರ್ಮ ಕಪ್ಪಿಟ್ಟು, ರಟ್ಟೆಯ ಸ್ನಾಯು ಒಂದು ಕಡೆ ಗುಡ್ಡೆಯಾದಂತೆ ಕಂಡರೆ ಸ್ನಾಯುರಜ್ಜು ಹರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕಿಸುತ್ತಾ ದಿನ ಕಳೆಯಬೇಡಿ. ಅಂದೇ ಮೂಳೆ ತಜ್ಞರನ್ನು ಕಾಣಿ, ಏಕೆಂದರೆ ಶಸ್ತ್ರಚಿಕಿತ್ಸೆ ಬೇಕಾದರೆ ತಡವಾದಷ್ಟೂ ಅದು ಕಷ್ಟವಾಗುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಹೊಸದಾಗಿ ಸೇರಿದ ಹುಡುಗರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಮೊದಲ ದಿನದ ಉತ್ಸಾಹದಲ್ಲಿ ಹತ್ತು ಹದಿನೈದು ಸೆಟ್ ಮಾಡಿ, ಮರುದಿನ ಕೈ ಬಿಡಿಸಲಾಗದಷ್ಟು ಊದಿಕೊಂಡು, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ, ನಜ್ಜಾದ ಸ್ನಾಯುವಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿರಬಹುದು. ಅದು ಆಸ್ಪತ್ರೆಗೆ ತಕ್ಷಣ ಹೋಗಬೇಕಾದ ಸ್ಥಿತಿ.

ಹಂತ 8: ಪಟ್ಟಿಯನ್ನು ಬಿಡುವುದು

ಆರ್ಮ್ ಬ್ಲಾಸ್ಟರನ್ನು ವರ್ಷಗಟ್ಟಲೆ ಕಟ್ಟಿಕೊಳ್ಳುವವರಿದ್ದಾರೆ, ನನಗದು ಸರಿಕಾಣುವುದಿಲ್ಲ. ಎಂಟರಿಂದ ಹನ್ನೆರಡು ವಾರಗಳ ಅಭ್ಯಾಸವಾದ ಮೇಲೆ ಹೀಗೆ ಪರೀಕ್ಷಿಸಿಕೊಳ್ಳಿ. ಪಟ್ಟಿಯನ್ನು ಗೂಟಕ್ಕೆ ನೇತುಹಾಕಿ, ಪಟ್ಟಿಯೊಂದಿಗೆ ಎತ್ತುತ್ತಿದ್ದ ಅದೇ ಭಾರವನ್ನು ತೆಗೆದುಕೊಂಡು, ಮೊಬೈಲನ್ನು ಮೊಣಕೈಯ ಎತ್ತರದಲ್ಲಿ ನಿಮ್ಮ ಪಕ್ಕಕ್ಕೆ ನಿಲ್ಲಿಸಿ ಹತ್ತು ರೆಪ್‌ಗಳ ವಿಡಿಯೊ ಮಾಡಿ. ನಂತರ ಮೊಬೈಲಿನ ಪರದೆಯ ಮೇಲೆ, ಮೊದಲ ರೆಪ್‌ನಲ್ಲಿ ಮೊಣಕೈ ಇದ್ದ ಜಾಗಕ್ಕೆ ಬೆರಳಿಟ್ಟು ವಿಡಿಯೊ ಓಡಿಸಿ. ಹತ್ತನೆಯ ರೆಪ್‌ನವರೆಗೂ ಮೊಣಕೈ ಬೆರಳಿನ ಅಡಿಯಲ್ಲಿಯೇ ಇದ್ದರೆ ಮುಂದಿನ ವಾರದಿಂದ ಪಟ್ಟಿಯಿಲ್ಲದೆ ಮಾಡಿ, ತಿಂಗಳಿಗೊಮ್ಮೆ ಮಾತ್ರ ಅದನ್ನು ಕಟ್ಟಿ ನೋಡಿ. ಏಳನೆಯದರಲ್ಲೋ ಎಂಟನೆಯದರಲ್ಲೋ ಬೆರಳಿನಿಂದ ಆಚೆ ಜಾರಿದರೆ, ಇನ್ನು ನಾಲ್ಕು ವಾರ ಪಟ್ಟಿ ಕಟ್ಟಿಕೊಂಡು ಮಾಡಿ, ಮತ್ತೆ ಅದೇ ಜಾಗದಲ್ಲಿ ಮೊಬೈಲ್ ಇಟ್ಟು ಪರೀಕ್ಷಿಸಿ.